ಎಲ್ಲಾ ಟ್ಯಾಂಕಿನಲ್ಲೇ ಇದೆ

ಹಾಸಿಗೆ ಅಂಗಡಿಯ ಯಜಮಾನರು ಲೋಕವನ್ನು ಸುಧಾರಿಸಬೇಕೆಂದು ಮನೆಯಿಂದ ಹೊರಟವರಲ್ಲ. ಆ ದಿನ ಅವರು ಹೊರಟದ್ದು ಕಾರಿನ ರಸ್ತೆ ತೆರಿಗೆ ಕಟ್ಟುವುದಕ್ಕೆ. ಸುಧಾರಣೆ ದಾರಿಯಲ್ಲಿ ಕೈಗೆ ಸಿಕ್ಕಿತು, ಅಷ್ಟೇ.

ಕಾರು ನೀಲಿ ಬಣ್ಣದ್ದು. ಅಂದರೆ, ಒಂದು ಕಾಲದಲ್ಲಿ ನೀಲಿಯಾಗಿತ್ತು ಎಂದು ಯಜಮಾನರು ಹೇಳುತ್ತಿದ್ದರು, ನಂಬುವವರು ನಂಬುತ್ತಿದ್ದರು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ, ಹತ್ತಿ ಮೂಟೆಗಳ ನಡುವೆ, ಅದು ಎಷ್ಟೋ ತಿಂಗಳಿಂದ ಮಲಗಿತ್ತು. ಅದರ ತೆರಿಗೆ ಮುಗಿದಿತ್ತು, ವಿಮೆ ಮುಗಿದಿತ್ತು, ತಪಾಸಣೆಯ ಗಡುವೂ ಮುಗಿದಿತ್ತು. ಮೂರಕ್ಕೂ ಮೂರು ಬೇರೆ ಬೇರೆ ತಿಂಗಳು. ಒಂದನ್ನು ನೆನಪಿಟ್ಟುಕೊಂಡು ಹೊರಡುವಷ್ಟರಲ್ಲಿ ಇನ್ನೊಂದರ ಗಡುವು ಹಿಂದಿನ ಬಾಗಿಲಿಂದ ಓಡಿಹೋಗಿರುತ್ತಿತ್ತು.

ಈಗ ಮಾತ್ರ ಕಾರು ಬೇಕೇ ಬೇಕಾಗಿತ್ತು. ಒಬ್ಬಳೇ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ಅಳಿಯ ಹಡಗಿನಲ್ಲಿ ಅಡುಗೆಯವನು, ಅವನು ದಡ ಸೇರುವುದಕ್ಕೆ ಇನ್ನೂ ಕಾಲವಿತ್ತು. ಆದ್ದರಿಂದ ಸಕಲ ಜವಾಬ್ದಾರಿಯೂ ತಮ್ಮ ತಲೆಯ ಮೇಲೇ ಇದೆ ಎಂದು ಯಜಮಾನರು ತೀರ್ಮಾನಿಸಿದ್ದರು. ಮಗಳು ಹುಟ್ಟಿದಾಗ ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಇದೇ ನೀಲಿ ಕಾರಿನಲ್ಲಿ. ಅವಳ ಮಗುವೂ ಇದೇ ಕಾರಿನಲ್ಲಿ ಮನೆಗೆ ಬರಬೇಕು. ಈ ವಿಷಯದಲ್ಲಿ ಅವರು ಹಿಡಿದ ಪಟ್ಟು ಬಿಡುವವರಾಗಿರಲಿಲ್ಲ.

"ಆಸ್ಪತ್ರೆ ಇರೋದು ಎರಡು ಬೀದಿ ಆಚೆ ಕಣ್ರೀ. ಒಂದು ಟ್ಯಾಕ್ಸಿ ಕರೆದ್ರೆ ಮುಗೀತು," ಎಂದರು ಹೆಂಡತಿ.

"ನನ್ನ ಮೊಮ್ಮಗು ಬಾಡಿಗೆ ಗಾಡೀಲಿ ಬರೋದಾ? ಯಾಕೆ, ನಾನು ಸತ್ತಿದ್ದೀನಾ?"

"ನೀವು ಗಟ್ಟಿಮುಟ್ಟಾಗೇ ಇದ್ದೀರಿ. ಸತ್ತಿರೋದು ಕಾರು."

ಇಂಥ ಮಾತಿಗೆ ಉತ್ತರ ಕೊಡುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಯಜಮಾನರು ಛತ್ರಿ ತೆಗೆದುಕೊಂಡು ಕಚೇರಿಗೆ ನಡೆದರು.

ಕಚೇರಿಯ ವರಾಂಡದಲ್ಲಿ ಮೂರು ಕಿಟಕಿಗಳಿದ್ದವು. ಮೊದಲನೆಯದು ವಾಹನ ತಪಾಸಣೆಯದು. "ತೆರಿಗೆ ಕಟ್ಟದ ಗಾಡಿ ರಸ್ತೆಗೆ ಇಳಿಯೋ ಹಾಗಿಲ್ಲ. ರಸ್ತೆಗೆ ಇಳೀದೆ ಇಲ್ಲಿಗೆ ಹೇಗೆ ತರ್ತೀರಿ? ಮೊದಲು ತೆರಿಗೆ ಕಟ್ಟಿ ಬನ್ನಿ," ಎಂದಿತು ಅದು. ಎರಡನೆಯದು ತೆರಿಗೆಯದು. ಅಲ್ಲಿದ್ದ ಗುಮಾಸ್ತರು ತಲೆ ಎತ್ತದೆ, "ವಿಮೆ ಇಲ್ಲದ ಗಾಡಿಗೆ ತೆರಿಗೆ ತಗೊಳ್ಳಲ್ಲ," ಎಂದರು. ಮೂರನೆಯದು ವಿಮೆಯದು, ಅದರ ಹಿಂದೆ ಕೂತವನು ಸಾಕ್ಷಾತ್ ಹೆಂಡತಿಯ ತಮ್ಮ. ಸ್ವಂತ ಭಾವಮೈದನೇ ಇರುವಾಗ ಚಿಂತೆ ಯಾಕೆ ಎಂದು ಯಜಮಾನರು ನಗುತ್ತಾ ಹೋದರು.

"ಭಾವ, ನಿಮಗೆ ಇಲ್ಲ ಅಂತೀನಾ? ಆದ್ರೆ ತಪಾಸಣೆ ಆಗದ ಗಾಡಿಗೆ ವಿಮೆ ಮಾಡಿದ್ರೆ ನನ್ನ ಕೆಲಸಕ್ಕೇ ಸಂಚಕಾರ. ಅದೊಂದು ಮಾಡಿಸ್ಕೊಂಡು ಬಂದ್ಬಿಡಿ."

ಯಜಮಾನರು ಮತ್ತೆ ಮೊದಲನೆಯ ಕಿಟಕಿಗೆ ಹೋದರು, ಅಲ್ಲಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ. ಹೀಗೆ ಸುತ್ತುತ್ತಲೇ ಇದ್ದರು. ವರಾಂಡದಲ್ಲಿ ತೂಕಡಿಸುತ್ತಿದ್ದ ಜವಾನ ಇವರು ವ್ಯಾಯಾಮಕ್ಕೆ ಬಂದವರೆಂದು ತಿಳಿದು, ತನ್ನ ಸ್ಟೂಲನ್ನು ಗೋಡೆಗೆ ಸರಿಸಿ ದಾರಿ ಬಿಟ್ಟುಕೊಟ್ಟ.

ಬೆವರೊರೆಸಿಕೊಳ್ಳುತ್ತಾ ನಿಂತಾಗ ರಸ್ತೆಯಾಚೆಯ ಪೆಟ್ರೋಲ್ ಬಂಕು ಅವರ ಕಣ್ಣಿಗೆ ಬಿತ್ತು. ಅಲ್ಲಿ ಪೆಟ್ರೋಲ್ ಹಾಕುವ ಹೆಂಗಸು ಬಂದವರಿಗೆಲ್ಲ "ಸೊನ್ನೆ ನೋಡ್ಕೊಳ್ಳಿ" ಎಂದು ಎಚ್ಚರಿಸಿಯೇ ಪೈಪು ಎತ್ತುತ್ತಿದ್ದುದರಿಂದ ಊರು ಅವಳಿಗೆ ಸೊನ್ನೆಯಮ್ಮ ಎಂದೇ ಹೆಸರಿಟ್ಟಿತ್ತು. ಒಂದು ಗಾಡಿ ಬಂತು, ಸೊನ್ನೆ ನೋಡಿತು, ದುಡ್ಡು ಕೊಟ್ಟಿತು, ಹೋಯಿತು. ಇನ್ನೊಂದು ಬಂತು, ಹೋಯಿತು. ಯಾವುದೂ ಸುತ್ತಲಿಲ್ಲ. ಯಜಮಾನರ ತಲೆಯೊಳಗೆ ಬೆಳಕಾಯಿತು.

ಅವರು ನೇರವಾಗಿ ತೆರಿಗೆ ಕಿಟಕಿಗೆ ಹೋಗಿ, ಒಳಕ್ಕೆ ಅರ್ಧ ತಲೆ ತೂರಿಸಿ ಭಾಷಣ ಶುರುಮಾಡಿದರು. "ಮೂರನ್ನೂ ಪೆಟ್ರೋಲಿನಲ್ಲೇ ಸೇರಿಸಿಬಿಡಿ ಸ್ವಾಮಿ! ತೆರಿಗೆ, ವಿಮೆ, ಎಲ್ಲಾ. ಜಾಸ್ತಿ ಓಡಿಸೋನು ಜಾಸ್ತಿ ಕಟ್ತಾನೆ. ನನ್ನ ಥರ ಶೆಡ್ಡಲ್ಲಿ ಮಲಗಿಸಿದೋನು ಏನೂ ಕಟ್ಟಲ್ಲ. ತಪ್ಪಿಸ್ಕೊಳ್ಳೋಕೂ ಆಗಲ್ಲ, ಮರೆಯೋಕೂ ಆಗಲ್ಲ. ಪೆಟ್ರೋಲ್ ಹಾಕೋರೇ ಗಾಡಿ ನೋಡಿ ತಪಾಸಣೆ ಮಾಡಿಬಿಡ್ಲಿ. ಮೂರು ಕಿಟಕಿ ಯಾಕ್ರೀ, ಒಂದು ಪೈಪು ಸಾಕು!"

ಗುಮಾಸ್ತರಿಗೆ ಊಟದ ಹೊತ್ತಾಗಿತ್ತು. ಒಂದು ಕೈ ಆಗಲೇ ಕಿಟಕಿಯ ಬಾಗಿಲ ಮೇಲಿತ್ತು, ಇನ್ನೊಂದು ಊಟದ ಡಬ್ಬಿಯ ಮೇಲೆ. "ಆಯ್ತು ಯಜಮಾನ್ರೇ, ನಾಳೆಯಿಂದ ಹಾಗೇ ಮಾಡೋಣ," ಎಂದು, ಅವರ ತಲೆಯನ್ನು ಮೆಲ್ಲಗೆ ಹೊರಕ್ಕೆ ತಳ್ಳಿ ಕಿಟಕಿ ಮುಚ್ಚಿದರು.

ಈ ಮಾತನ್ನು ಕಿಟಕಿಗಳ ಹಿಂದೆ ಕೂತವರು ದಿನಕ್ಕೆ ಎಷ್ಟು ಸಲ ಹೇಳುತ್ತಾರೋ ಲೆಕ್ಕವಿಲ್ಲ. 'ಇನ್ನು ನೀವು ದಯಮಾಡಿಸಬಹುದು' ಎಂಬುದು ಅದರ ಅರ್ಥವೆಂದು ಎಂಥ ದಡ್ಡನಿಗೂ ಗೊತ್ತು. ಆದರೆ ಯಜಮಾನರ ಕಸುಬು ಬೇರೆ. ಹಾಸಿಗೆ ನಾಳೆ ಕೊಡುತ್ತೇನೆ ಎಂದರೆ ಅವರು ನಾಳೆಯೇ ಕೊಡುತ್ತಿದ್ದರು, ಇಲ್ಲವಾದರೆ ಗಿರಾಕಿ ನೆಲದ ಮೇಲೆ ಮಲಗಬೇಕಾಗುತ್ತಿತ್ತು. ಹೀಗಾಗಿ ಸರ್ಕಾರ ನಾಳೆ ಎಂದರೆ ನಾಳೆಯೇ ಎಂದು ಅವರು ನಂಬಿದರು. ಛತ್ರಿಯನ್ನು ಕಚೇರಿಯಲ್ಲೇ ಮರೆತು, ಎದೆ ಉಬ್ಬಿಸಿಕೊಂಡು ಮನೆಗೆ ಬಂದರು.

ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಗೇಟಿನ ಬಳಿಯೇ ಸಿಕ್ಕರು. ಹೆಡ್‌ಮೇಷ್ಟ್ರಿಗೆ ಒಂದು ವಿಷಯ ಹೇಳಿದರೆ ಊರಿಗೆಲ್ಲ ಡಂಗುರ ಹೊಡೆಸುವ ಖರ್ಚು ಉಳಿಯುತ್ತಿತ್ತು. "ಸರ್ಕಾರ ನನ್ನ ಮಾತು ಒಪ್ಪಿದೆ ಮೇಷ್ಟ್ರೇ. ನಾಳೆಯಿಂದ ಎಲ್ಲಾ ಪೆಟ್ರೋಲಿನಲ್ಲೇ," ಎಂದು ಯಜಮಾನರು ಹೇಳಿದ್ದು ಇಷ್ಟೇ. ಮುಸ್ಸಂಜೆಯ ಹೊತ್ತಿಗೆ ಆ ಸುದ್ದಿಗೆ ಕೈಕಾಲು ಮೂಡಿದ್ದವು. ಇಲಾಖೆಯ ದೊಡ್ಡ ಸಾಹೇಬರೇ ಕುರ್ಚಿಯಿಂದ ಎದ್ದು ಬಂದು ಯಜಮಾನರ ಕೈ ಹಿಡಿದುಕೊಂಡರಂತೆ, "ಇಷ್ಟು ದಿನ ಎಲ್ಲಿದ್ರಿ?" ಅಂದರಂತೆ, ಕಣ್ಣಲ್ಲಿ ನೀರಿತ್ತಂತೆ. ಈ ಸುದ್ದಿ ಊರು ಸುತ್ತಿ ಯಜಮಾನರ ಅಂಗಡಿಗೇ ವಾಪಸು ಬಂದಾಗ ಅವರು ಇಲ್ಲವೆನ್ನಲಿಲ್ಲ. "ಕಣ್ಣಲ್ಲಿ ನೀರು ನಾನು ಗಮನಿಸಲಿಲ್ಲ," ಎಂದಷ್ಟೇ ವಿನಯದಿಂದ ಹೇಳಿದರು.

ಮನೆಯಲ್ಲಿ ಊಟಕ್ಕೆ ಕೂರುವ ಹೊತ್ತಿಗೆ ಭಾವಮೈದ ಓಡಿಬಂದ. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದ.

"ಭಾವ! ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ರಲ್ಲ! ವಿಮೆ ಪೆಟ್ರೋಲಿಗೆ ಸೇರಿದ್ರೆ ನಾನು ಎಲ್ಲಿಗೆ ಸೇರ್ಲಿ?"

"ಚಪ್ಪಲಿ ಬಿಟ್ಟು ಬಂದು ಕೂತ್ಕೊಳ್ಳಪ್ಪ. ನಿನ್ನ ವಿಷಯ ನಾನು ಯೋಚನೆ ಮಾಡಿಲ್ವಾ? ಬಂಕಿನಲ್ಲೇ ನಿನಗೊಂದು ಮೇಜು ಹಾಕಿಸ್ತೀನಿ."

"ಬಂಕಿನಲ್ಲಿ ಮೇಜು ಹಾಕ್ಕೊಂಡು ಏನು ಮಾಡ್ಲಿ?"

ಯಜಮಾನರು ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ. "ಗಾಳಿ ನೋಡ್ಕೋ," ಎಂದರು. "ವಿಮೆಯವನು ಟೈರು ನೋಡಿದ್ರೆ ತಪ್ಪೇನು?"

ಹೆಂಡತಿ ತಮ್ಮನಿಗೂ ಒಂದು ತಟ್ಟೆ ಇಟ್ಟು, "ಏನ್ರೀ, ನಿಜವಾಗ್ಲೂ ಹಾಗೇ ಅಂದ್ರಾ ಅವರು? ಬರೀ ನಿಮ್ಮನ್ನ ಸಾಗಹಾಕೋಕೆ ಅಂದಿದ್ದಲ್ಲ ತಾನೇ?" ಎಂದು ಕೇಳಿದರು. ಯಜಮಾನರು ನೋವಿನಿಂದ ನೀರು ಕುಡಿದರು. ಮಗಳು ಮಾತ್ರ ದೊಡ್ಡ ಹೊಟ್ಟೆ ಹಿಡಿದುಕೊಂಡು, "ಅಮ್ಮಾ, ನನ್ನ ನಗಿಸ್ಬೇಡ್ರಿ, ಇವತ್ತೇ ಆಸ್ಪತ್ರೆಗೆ ಹೋಗ್ಬೇಕಾಗತ್ತೆ," ಎಂದು ಬೇಡಿಕೊಂಡಳು.

ಮರುದಿನ ಬಂಕಿನ ಮುಂದೆ ಸಾಲು ಮೂಲೆಯ ದರ್ಜಿ ಅಂಗಡಿಯವರೆಗೆ ಬೆಳೆದಿತ್ತು. ಎಲ್ಲರೂ ಟ್ಯಾಂಕು ತುಂಬಿಸಿ ವರ್ಷದ ತೆರಿಗೆ, ವಿಮೆ ಎರಡನ್ನೂ ಒಂದೇ ಏಟಿಗೆ ಮುಗಿಸಲು ಬಂದವರು. ಬಂಕಿನ ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಸಾಲು ಬೆಳೆದಾಗ ಪ್ರಶ್ನೆ ಕೇಳುವುದು ಅಪಶಕುನವೆಂದು ಅವರು ವ್ಯಾಪಾರ ಕಲಿತ ಕಾಲದಿಂದಲೂ ನಂಬಿದ್ದರು. ಯಜಮಾನರು ಬಂದಾಗ ಕುರ್ಚಿ ತರಿಸಿ ನೆರಳಲ್ಲಿ ಹಾಕಿಸಿದರು.

"ಎಲ್ಲಾ ಸರಿ, ತಪಾಸಣೆ ಹೇಗೆ?" ಎಂದು ಕೇಳಿದವರು ಸಂಗೀತದ ಮೇಡಮ್ಮು. ಅವರ ಕಾರಿನ ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿತ್ತು.

ಸಾಲಿನ ಕಣ್ಣೆಲ್ಲ ಯಜಮಾನರ ಮೇಲೆ ಬಿತ್ತು. ಯಂತ್ರದ ವಿಷಯದಲ್ಲಿ ಅವರಿಗಿದ್ದ ಜ್ಞಾನ ಹಾರ್ನು ಎಲ್ಲಿದೆ ಎಂಬಲ್ಲಿಗೆ ನಿಲ್ಲುತ್ತಿತ್ತು. ಆದರೆ ನಾಯಕನಾದವನು ಇಂಥ ಹೊತ್ತಿನಲ್ಲಿ ತನಗೆ ಗೊತ್ತಿರುವುದರಿಂದಲೇ ದಾರಿ ಮಾಡಬೇಕು. ಅವರಿಗೆ ಗೊತ್ತಿದ್ದುದು ಹಾಸಿಗೆ. ಅಂಗಡಿಗೆ ಹೋಗಿ, ಆ ವಾರವಷ್ಟೇ ಬಂದಿದ್ದ ಅತಿ ದಪ್ಪದ ಸ್ಪ್ರಿಂಗ್ ಹಾಸಿಗೆಯನ್ನು ತಳ್ಳುಗಾಡಿಯಲ್ಲಿ ಹಾಕಿಸಿಕೊಂಡು ಬಂದರು. ಬಂಕಿನ ಅಂಗಳದ ಕೊನೆಯಲ್ಲಿ, ಕಾಂಪೌಂಡು ಗೋಡೆಗೆ ಒರಗಿಸಿ ನಿಲ್ಲಿಸಿದರು.

"ಗಾಡಿ ಅಲ್ಲಿಂದ ಬರ್ಬೇಕು. ಸೊನ್ನೆಯಮ್ಮ ಬಟ್ಟೆ ಬೀಸಿದ ತಕ್ಷಣ ಬ್ರೇಕು ಹಾಕ್ಬೇಕು. ಹಾಸಿಗೆಗೆ ತಾಗದೆ ನಿಂತ್ರೆ ಪಾಸು. ತಾಗಿದ್ರೆ ಫೇಲು. ಫೇಲಾದೋರಿಗೆ ಒಂದು ತೊಟ್ಟು ಪೆಟ್ರೋಲ್ ಇಲ್ಲ."

ಪರೀಕ್ಷೆ ಎಂಬ ಶಬ್ದ ಕೇಳಿದ್ದೇ ಹೆಡ್‌ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಎಷ್ಟೋ ವರ್ಷದ ಮೇಲೆ ಬದುಕಿಗೆ ಮತ್ತೆ ಅರ್ಥ ಬಂದಂತೆ ಅವರು ಸಾಲು ಸರಿಮಾಡಿಸತೊಡಗಿದರು.

ಸೊನ್ನೆಯಮ್ಮ ಮಾತ್ರ ಸೊಂಟಕ್ಕೆ ಕೈಕೊಟ್ಟು ಕೇಳಿದಳು. "ಯಾರೇ ಆಗ್ಲಿ?"

"ಯಾರೇ ಆಗ್ಲಿ. ಅಪ್ಪನಾಣೆ ಬಿಡ್ಬೇಡ."

"ಆಮೇಲೆ ಬೈಬಾರ್ದು ಮತ್ತೆ."

"ಬೈದ್ರೆ ನನ್ನ ಹೆಸರು ಹೇಳು."

ಪರೀಕ್ಷೆ ಶುರುವಾಯಿತು. ಸಂಗೀತದ ಮೇಡಮ್ಮಿನ ಕಾರು ಸರಿಯಾಗಿಯೇ ನಿಂತಿತು, ಬಾಗಿಲು ಮಾತ್ರ ನಿಲ್ಲದೆ ಮುಂದೆ ಹೋಗಿ ಹಾಸಿಗೆಗೆ ತಾಗಿತು. ಬಾಗಿಲು ಗಾಡಿಯ ಭಾಗವೋ ಅಲ್ಲವೋ ಎಂದು ಬಹಳ ಹೊತ್ತು ಚರ್ಚೆ ನಡೆದು, ಕೊನೆಗೆ ಮೇಡಮ್ಮು ಪಾಸು, ಬಾಗಿಲು ಫೇಲು ಎಂದು ತೀರ್ಪಾಯಿತು. ಟ್ಯಾಕ್ಸಿ ಸ್ಟ್ಯಾಂಡಿನ ಟ್ಯಾಕ್ಸಿಗಳು ಒಂದರ ಹಿಂದೆ ಒಂದು ಬಂದು ಹಾಸಿಗೆಯನ್ನು ತಬ್ಬಿಕೊಂಡವು. ಅವುಗಳ ಚಾಲಕರು ಸೊನ್ನೆಯಮ್ಮನಿಗೆ ಬೈದರು, ಬೇಡಿಕೊಂಡರು, ತಂಗಿ ಎಂದರು, ತಾಯಿ ಎಂದರು. ಅವಳು ಪೈಪನ್ನು ಎದೆಗವಚಿಕೊಂಡು, "ಮೆಕ್ಯಾನಿಕ್ ಹತ್ರ ಹೋಗಿ ಬನ್ನಿ," ಎಂದಳೇ ಹೊರತು ಕರಗಲಿಲ್ಲ. ಮೆಕ್ಯಾನಿಕ್‌ನ ಶೆಡ್ಡಿನ ಮುಂದೆ ಇನ್ನೊಂದು ಸಾಲು ಹುಟ್ಟಿಕೊಂಡಿತು.

ಅದರ ಮಾರನೆಯ ದಿನ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವನು ಹೆಡ್‌ಮೇಷ್ಟ್ರ ಸ್ಕೂಟರಿಗೆ ಅಡ್ಡ ನಿಂತ.

"ತೆರಿಗೆ, ವಿಮೆ, ತಪಾಸಣೆ? ತೋರಿಸಿ ಸಾರ್."

ಹೆಡ್‌ಮೇಷ್ಟ್ರು ಇಳಿದು, ಸೀಟು ಎತ್ತಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದರು. "ಬಗ್ಗಿ ನೋಡು."

"ಏನು ನೋಡ್ಲಿ ಸಾರ್?"

"ಎಲ್ಲಾ ಇದರಲ್ಲೇ ಇದೆ. ಹೊಸ ಪದ್ಧತಿ. ಪೇಪರ್ ಓದಲ್ವಾ ನೀನು? ಕ್ಲಾಸಲ್ಲೂ ಹೀಗೇ ಇದ್ದೆ, ಕೊನೇ ಬೆಂಚಲ್ಲಿ ಕೂತು ಕಿಟಕಿ ಆಚೆ ನೋಡೋದು. ಬಗ್ಗು ಅಂದ್ರೆ ಬಗ್ಬೇಕು!"

ಪೊಲೀಸಿನವನು ನಿಜಕ್ಕೂ ಅವರ ಹಳೆಯ ವಿದ್ಯಾರ್ಥಿ. ಅವನ ಬೆನ್ನು ಅವನನ್ನು ಕೇಳದೆಯೇ ಬಗ್ಗಿತು. ಒಳಗೆ ಇಣುಕಿದ, ಮೂಸಿದ, "ಹೌದು ಸಾರ್, ಇದೆ," ಎಂದ. ತನಗೆ ತಿಳಿಯದೆ ಕಾನೂನು ಬದಲಾಗಿದೆ ಎಂದು ಮೇಲಿನವರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತದಲ್ಲ ಎಂದು ಹೆದರಿ, ಆಮೇಲೆ ಬಂದ ಪ್ರತಿ ಗಾಡಿಯನ್ನೂ ನಿಲ್ಲಿಸಿ ಅವನೇ ಮುಚ್ಚಳ ತೆಗೆಸತೊಡಗಿದ. ಸಂಜೆಯ ಹೊತ್ತಿಗೆ ಸರ್ಕಲ್ಲಿನಲ್ಲಿ ಪೆಟ್ರೋಲಿನ ವಾಸನೆಗೆ ಎಲ್ಲರಿಗೂ ತಲೆ ತಿರುಗುತ್ತಿತ್ತು.

ಇತ್ತ ಕಚೇರಿಯ ಮೂರು ಕಿಟಕಿಗಳ ಮುಂದೆ ನರಪಿಳ್ಳೆಯೂ ಸುಳಿಯಲಿಲ್ಲ. ತೆರಿಗೆ ಗುಮಾಸ್ತರು ಮೊದಲು ಸಂತೋಷಪಟ್ಟರು, ನೆಮ್ಮದಿಯಾಗಿ ಊಟ ಮಾಡಿದರು, ಊಟವಾದ ಮೇಲೆ ನಿದ್ದೆ ಮಾಡಿದರು. ಒಂದು ವಾರ ಹೀಗೆ ಕಳೆದ ಮೇಲೆ ಅವರನ್ನು ನಿದ್ದೆಯಿಂದ ಎಬ್ಬಿಸಿದವರು ಮೇಲಿನ ಕಚೇರಿಯಿಂದ ಬಂದ ದೊಡ್ಡ ಸಾಹೇಬರು.

"ಜನ ಎಲ್ಲಿ?"

ಗುಮಾಸ್ತರು ಕಣ್ಣುಜ್ಜಿಕೊಂಡು ಸುತ್ತ ನೋಡಿದರು. ಜನ ರಸ್ತೆಯಾಚೆ ಇದ್ದರು. ಸಾಲುಗಟ್ಟಿ ನಿಂತು ಒಂದು ಹಾಸಿಗೆಯನ್ನೇ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ಏನದು?"

"ಹಾಸಿಗೆ ಮಾರಾಟ ಇರ್ಬೇಕು ಸಾರ್."

ಸಾಹೇಬರು ರಸ್ತೆ ದಾಟಿದರು. ಗುಮಾಸ್ತರು ಹಿಂದಿನಿಂದ ಓಡಿದರು.

ಅದೇ ದಿನ, ಅದೇ ಹೊತ್ತಿಗೆ, ಯಜಮಾನರು ನೀಲಿ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆದಿದ್ದರು. ಮೊನ್ನೆ ಮಗಳಿಗೆ ಹೆಣ್ಣು ಮಗು ಹುಟ್ಟಿತ್ತು. ಇವತ್ತು ತಾಯಿ ಮಗು ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋಗಬಹುದೆಂದು ಡಾಕ್ಟರು ಹೇಳಿದ್ದರು. ಹೆಂಡತಿ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿ ಗಂಟು ಕಟ್ಟಿಕೊಂಡು ಕಾಯುತ್ತಿದ್ದರು. ಯಜಮಾನರು ತಮ್ಮ ಕೈಯಾರೆ ಹೊಲಿದ ಒಂದು ಪುಟ್ಟ ಹಾಸಿಗೆಯನ್ನು, ಬಿಳಿ ಬಟ್ಟೆಯ ಅಂಚು ಮಡಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಹಾಸಿದ್ದರು. ಎಷ್ಟೋ ಸಾವಿರ ಹಾಸಿಗೆ ಮಾರಿದವರು ಇದಕ್ಕೆ ಹತ್ತಿ ತುಂಬುವಾಗ ಮಾತ್ರ ಎರಡು ಸಲ ಬಿಚ್ಚಿ ಮತ್ತೆ ಹೊಲಿದಿದ್ದರು.

ಟ್ಯಾಂಕಿನಲ್ಲಿ ಪೆಟ್ರೋಲಿನ ನೆನಪು ಮಾತ್ರ ಉಳಿದಿತ್ತು. ಅಂಗಡಿಯಿಂದ ಬಂಕಿನವರೆಗೆ ಏರು ರಸ್ತೆ. ಕಾರು ಕೆಮ್ಮುತ್ತಾ, ಏದುಸಿರು ಬಿಡುತ್ತಾ ಏರಿತು. ನಿಲ್ಲಬೇಕೆಂದಾಗಲೆಲ್ಲ ತಾನಾಗಿಯೇ ನಿಲ್ಲುತ್ತಿದ್ದುದರಿಂದ ದಾರಿಯಲ್ಲೆಲ್ಲೂ ಬ್ರೇಕಿನ ಅಗತ್ಯವೇ ಬೀಳಲಿಲ್ಲ.

ಬಂಕಿನಲ್ಲಿ ಜನ ಚಪ್ಪಾಳೆ ತಟ್ಟಿ ದಾರಿ ಬಿಟ್ಟರು. ಮಾಲೀಕರು ಕೈಮುಗಿದರು. ಯಜಮಾನರು ಕಿಟಕಿಯಿಂದ ಕೈಯಾಡಿಸಿ, "ಟ್ಯಾಂಕ್ ತುಂಬಮ್ಮ ಸೊನ್ನೆಯಮ್ಮ, ಮೊಮ್ಮಗಳನ್ನ ಕರ್ಕೊಂಡು ಬರ್ಬೇಕು," ಎಂದರು.

"ಪರೀಕ್ಷೆ ಆಗ್ಲಿ," ಎಂದಳು ಸೊನ್ನೆಯಮ್ಮ.

"ಏ, ನನಗೆ ಎಂಥ ಪರೀಕ್ಷೆಯೇ?"

"ಯಾರೇ ಆಗ್ಲಿ ಅಂದ್ರಿ. ಅಪ್ಪನಾಣೆ ಬಿಡ್ಬೇಡ ಅಂದ್ರಿ. ಬೈದ್ರೆ ನಿಮ್ಮ ಹೆಸರು ಹೇಳು ಅಂದ್ರಿ. ಈಗ ನೀವೇ ಬೈದ್ರೆ ನಾನು ಯಾರ ಹೆಸರು ಹೇಳ್ಲಿ?"

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ದೊಡ್ಡ ಸಾಹೇಬರು ಅಂಗಳದ ನಡುವೆ ಬಂದು ನಿಂತರು. "ಇದನ್ನೆಲ್ಲ ಶುರು ಮಾಡಿದೋರು ಯಾರು?"

ಸಾಲಿನಲ್ಲಿದ್ದ ಬೆರಳುಗಳೆಲ್ಲ ಯಜಮಾನರತ್ತ ತಿರುಗಿದವು. ಯಜಮಾನರ ಬೆರಳು ಗುಮಾಸ್ತರತ್ತ ತಿರುಗಿತು. "ಅವರೇ ಹೇಳಿದ್ದು, ನಾಳೆಯಿಂದ ಹಾಗೇ ಮಾಡೋಣ ಅಂತ."

"ಅಯ್ಯೋ! ಅದನ್ನ ನಾನು ಎಲ್ರಿಗೂ ಹೇಳ್ತೀನಿ ಸಾರ್!" ಎಂದು ಕೂಗಿದ ಗುಮಾಸ್ತರು ಕೂಡಲೇ ನಾಲಿಗೆ ಕಚ್ಚಿಕೊಂಡರು.

ಸಾಹೇಬರು ಬಂಕಿನ ಮಾಲೀಕರ ಕಡೆ ತಿರುಗಿದರು. "ಪೆಟ್ರೋಲಿಗೆ ತೆರಿಗೆ, ವಿಮೆ ಸೇರಿಸಿ ಮಾರ್ತಿದ್ದೀರಾ? ಎಷ್ಟು ಸೇರಿಸಿದ್ರಿ?"

"ನಾನು ಏನೂ ಸೇರಿಸಿಲ್ಲ ಸ್ವಾಮಿ. ಹಳೇ ರೇಟೇ. ಸರ್ಕಾರ ಸೇರಿಸಿ ಕಳಿಸಿರತ್ತೆ ಅಂದ್ಕೊಂಡೆ."

ಒಂದು ವಾರದಿಂದ ಇಡೀ ಊರು ತೆರಿಗೆ ಕಟ್ಟಿದ ಹೆಮ್ಮೆಯಲ್ಲಿ ತಿರುಗಾಡಿತ್ತು, ಕಟ್ಟಿದವರು ಯಾರೂ ಇರಲಿಲ್ಲ. ಸೇರಿಸಬೇಕು ಎಂದು ಹೇಳಿದ್ದ ಯಜಮಾನರು ಸೇರಿಸುವವರು ಯಾರೆಂದು ಯೋಚಿಸಿಯೇ ಇರಲಿಲ್ಲ. ಭಾವಮೈದ ಗಾಳಿ ಯಂತ್ರದ ಪಕ್ಕದ ತನ್ನ ಮೇಜಿನಿಂದ ಎದ್ದು, "ಅಂದ್ರೆ ನನ್ನ ಕೆಲಸ ಉಳೀತಾ?" ಎಂದು ಖುಷಿಯಲ್ಲಿ ಕೇಳಿದ.

"ಸಾಹೇಬ್ರೇ, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಪರೀಕ್ಷೆ ನಡೀತಿದೆ," ಎಂದಳು ಸೊನ್ನೆಯಮ್ಮ. ಅವಳ ಮಟ್ಟಿಗೆ ಯಾವುದೂ ಬದಲಾಗಿರಲಿಲ್ಲ.

ಯಜಮಾನರಿಗೆ ಈಗ ಉಳಿದಿದ್ದುದು ಕಾರಿನ ಮಾನ ಒಂದೇ. ಗೇರು ಹಾಕಿ ಹೊರಟರು. ಅಂಗಳ ಹಾಸಿಗೆಯ ಕಡೆಗೆ ಸ್ವಲ್ಪ ಇಳಿಜಾರಾಗಿತ್ತು. ಸೊನ್ನೆಯಮ್ಮ ಬಟ್ಟೆ ಬೀಸಿದಳು. ಯಜಮಾನರು ಬ್ರೇಕು ಒತ್ತಿದರು. ಪೆಡಲು ನೆಲಕ್ಕೆ ಹೋಗಿ ಅಲ್ಲೇ ಕೂತಿತು. ಮತ್ತೆ ಒತ್ತಲು ಅಲ್ಲಿ ಏನೂ ಉಳಿದಿರಲಿಲ್ಲ.

ಕಾರು ಹಾಸಿಗೆಗೆ ಗುದ್ದಿತು. ಹಾಸಿಗೆ ಮಡಚಿಕೊಂಡಿತು, ನರಳಿತು, ಆಮೇಲೆ ತನ್ನ ಸ್ಪ್ರಿಂಗುಗಳ ಸಕಲ ಬಲವನ್ನೂ ಸೇರಿಸಿ ಕಾರನ್ನು ಬಂದ ದಾರಿಗೇ ತಳ್ಳಿತು. ದೊಡ್ಡ ಸಾಹೇಬರು ಅಂಥ ವಯಸ್ಸಿನಲ್ಲಿ, ಅಂಥ ಪದವಿಯಲ್ಲಿ, ಗಾಳಿ ಯಂತ್ರದ ಮೇಜಿಗೆ ಒಂದೇ ನೆಗೆತಕ್ಕೆ ಹತ್ತಿದರು. ಕಾರು ಹಳೇ ಟೈರುಗಳ ರಾಶಿಗೆ ಬೆನ್ನು ಕೊಟ್ಟು ನಿಂತಿತು. ಹಾರ್ನು ಮಾತ್ರ ತಾನಾಗಿ ಕೂಗುತ್ತಲೇ ಇತ್ತು.

ಯಜಮಾನರು ಹಿಂದಕ್ಕೆ ತಿರುಗಿ ನೋಡಿದರು. ಸೀಟಿನ ಮೇಲೆ ಹಾಸಿದ್ದ ಪುಟ್ಟ ಹಾಸಿಗೆ ಜಾರಿ ಕೆಳಗೆ ಬಿದ್ದಿತ್ತು. ಬಿಳಿ ಅಂಚಿನ ಮೇಲೆ ಕಾಲೊರೆಸುವ ಮ್ಯಾಟಿನ ಧೂಳು ಮೆತ್ತಿತ್ತು. ಅವರಿಗೆ ಭಯವಾಯಿತು. ಬದುಕಿನಲ್ಲಿ ಎಂದೂ ಆಗದಷ್ಟು ಭಯ. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲೂ ಇಳಿಜಾರಿತ್ತು, ಮತ್ತು ಆ ಇಳಿಜಾರಿನ ಕೊನೆಯಲ್ಲಿ ಯಾರೂ ಹಾಸಿಗೆ ನಿಲ್ಲಿಸಿರಲಿಲ್ಲ.

ಅವರು ಇಳಿದು ಬಂದು, ಎಲ್ಲರಿಗೂ ಕೇಳುವಂತೆ, "ಫೇಲು!" ಎಂದರು. "ನನ್ನ ಕಾರು ಫೇಲು."

ಹೆಡ್‌ಮೇಷ್ಟ್ರಿಗೆ ಮನಸ್ಸು ಕರಗಿತು. "ಸ್ಥಾಪಕರು ಅಂತ ಒಂದೆರಡು ಗ್ರೇಸ್ ಮಾರ್ಕು ಕೊಡಬಹುದು."

"ಒಂದೂ ಬೇಡ ಮೇಷ್ಟ್ರೇ. ಫೇಲು ಅಂದ್ರೆ ಫೇಲು." ಆಮೇಲೆ ಅವರು ಮೇಜಿನ ಮೇಲೆ ನಿಂತಿದ್ದ ಸಾಹೇಬರ ಮುಂದೆ ಹೋಗಿ ತಲೆ ಎತ್ತಿದರು. "ಸಾಹೇಬ್ರೇ, ತಪ್ಪಾಯ್ತು. ತೆರಿಗೆ, ವಿಮೆ, ತಪಾಸಣೆ ಮೂರೂ ಇವತ್ತೇ ಮಾಡಿಸ್ತೀನಿ, ಊರೋರೂ ಮಾಡಿಸ್ತಾರೆ. ಒಂದು ಮಾತ್ರ ಹೇಳಿ. ಯಾವುದು ಮೊದಲು?"

"ಇದೇನು ಪ್ರಶ್ನೆ? ಮೊದಲು ತಪಾಸಣೆ. ಅದಕ್ಕೆ ತೆರಿಗೆ ಆಗಿರ್ಬೇಕು. ತೆರಿಗೆಗೆ ವಿಮೆ ಇರ್ಬೇಕು. ವಿಮೆಗೆ ಮೊದಲು..." ಸಾಹೇಬರು ಅಲ್ಲಿಗೆ ನಿಂತರು. ಗುಮಾಸ್ತರತ್ತ ನೋಡಿದರು. ಗುಮಾಸ್ತರು ಆಕಾಶ ನೋಡಿದರು. ಮೇಜಿನ ಮೇಲೆ ನಿಂತಲ್ಲೇ, ತಮ್ಮದೇ ಕಚೇರಿಯ ವರಾಂಡದಲ್ಲಿ ಸಾಹೇಬರು ಅಂದು ಮೊದಲ ಸಲ ಒಂದು ಸುತ್ತು ಬಂದಿದ್ದರು.

"ನಾನು ಇಲ್ಲಿಂದ ಕದಲಲ್ಲ ಸಾಹೇಬ್ರೇ," ಎಂದರು ಯಜಮಾನರು. "ಜೈಲಿಗೆ ಹಾಕಿ, ದಂಡ ಹಾಕಿ. ಯಾವುದು ಮೊದಲು ಅಂತ ಹೇಳಿ ಹಾಕಿ."

ಸಾಹೇಬರಿಗೆ ಮೇಜಿನಿಂದ ಇಳಿಯಬೇಕಿತ್ತು, ಜನ ಸುತ್ತುಗಟ್ಟಿದ್ದರು. ಕೊನೆಗೆ ಅವರು ಗುಮಾಸ್ತರಿಗೆ ಗದರಿಸಿದರು. "ಮೂರನ್ನೂ ಒಂದೇ ಕಿಟಕೀಲಿ, ಒಟ್ಟಿಗೇ ತಗೊಳ್ರೀ!"

"ಆಯ್ತು ಸಾರ್, ನಾಳೆಯಿಂದ ಹಾಗೇ..." ಎಂದು ಗುಮಾಸ್ತರ ಬಾಯಿ ರೂಢಿಯಂತೆ ಶುರುಮಾಡಿತು.

"ಇವತ್ತಿಂದ!" ಎಂದು ಇಡೀ ಬಂಕು ಒಂದೇ ದನಿಯಲ್ಲಿ ಕೂಗಿತು.

ಅದೆಲ್ಲ ಆಯಿತು. ಆದರೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಾಣಂತಿ ಕಾಯುತ್ತಿದ್ದಳು. ಟ್ಯಾಕ್ಸಿಗಳೆಲ್ಲ ಯಜಮಾನರ ಕೃಪೆಯಿಂದಲೇ ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ಹೊಟ್ಟೆ ಬಿಚ್ಚಿಕೊಂಡು ನಿಂತಿದ್ದವು. ಸಾಹೇಬರ ಜೀಪನ್ನು ಕೇಳಬಹುದೆಂದು ಭಾವಮೈದ ಸೂಚಿಸಿದ, ಸೊನ್ನೆಯಮ್ಮ ಬಟ್ಟೆ ಕೈಗೆತ್ತಿಕೊಂಡದ್ದೇ ಸಾಹೇಬರಿಗೆ ಮೇಲಿನ ಕಚೇರಿಯಲ್ಲಿ ಏನೋ ತುರ್ತು ಕೆಲಸ ನೆನಪಾಯಿತು. ಜೀಪು ಹೊರಟುಹೋಯಿತು.

ಯಜಮಾನರ ಕಣ್ಣು ಮೂಲೆಯಲ್ಲಿದ್ದ ತಳ್ಳುಗಾಡಿಯ ಮೇಲೆ ಬಿತ್ತು. ಅಂಗಡಿಯಿಂದ ಹಾಸಿಗೆ ಸಾಗಿಸುವ ಗಾಡಿ. ಗೋಡೆಗೆ ಒರಗಿದ್ದ ಸ್ಪ್ರಿಂಗ್ ಹಾಸಿಗೆಯನ್ನು ಅದರ ಮೇಲೆ ಹಾಸಿ, ಧೂಳು ಕೊಡವಿದ ಪುಟ್ಟ ಹಾಸಿಗೆಯನ್ನು ಮಗುಚಿ ಅದರ ಮೇಲಿಟ್ಟರು. ಹೊರಡುವ ಮುಂಚೆ ಮಾತ್ರ ಸೊನ್ನೆಯಮ್ಮನನ್ನು ಕರೆದರು. "ಬೀಸಮ್ಮ ಬಟ್ಟೆ." ಹಾಸಿಗೆ ಗಾಡಿಯ ಮೇಲಿದ್ದುದರಿಂದ ಬರಿಯ ಗೋಡೆಯತ್ತಲೇ ಗಾಡಿ ತಳ್ಳಿಕೊಂಡು ಓಡಿದರು, ಬಟ್ಟೆ ಬೀಸಿದಾಗ ಹಿಮ್ಮಡಿ ಊರಿ ನಿಂತರು. ಗೋಡೆಗೂ ಗಾಡಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

"ಪಾಸು," ಎಂದಳು ಸೊನ್ನೆಯಮ್ಮ. ಆ ವಾರದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಆಸ್ಪತ್ರೆಯ ಮುಂದೆ ತಳ್ಳುಗಾಡಿ ಬಂದು ನಿಂತಾಗ ಹೆಂಡತಿ ತಲೆಯ ಮೇಲೆ ಕೈ ಹೊತ್ತುಕೊಂಡರು. ಮಗಳು ಮಾತ್ರ ಮಗುವನ್ನು ಎತ್ತಿಕೊಂಡು ಮೆಲ್ಲಗೆ ಹತ್ತಿ ಕೂತು, "ಅಮ್ಮಾ, ಎಷ್ಟು ಮೆತ್ತಗಿದೆ ಗೊತ್ತಾ?" ಎಂದಳು. ಮೆರವಣಿಗೆ ಹೊರಟಿತು. ಹೆಡ್‌ಮೇಷ್ಟ್ರು ಮುಂದೆ ನಡೆದು ಬಾಯಿಂದಲೇ ಹಾರ್ನು ಮಾಡಿದರು. ಭಾವಮೈದ ಯಜಮಾನರ ಛತ್ರಿಯನ್ನು ಕಚೇರಿಯಿಂದ ಬಿಡಿಸಿಕೊಂಡು ಬಂದು ಮಗುವಿಗೆ ನೆರಳು ಹಿಡಿದ. ಸರ್ಕಲ್ಲಿನಲ್ಲಿ ಪೊಲೀಸಿನವನು ಎಲ್ಲ ಗಾಡಿಗಳನ್ನೂ ತಡೆದು ಸಲಾಮು ಹೊಡೆದ. ಮುಚ್ಚಳ ಎಲ್ಲಿದೆ ಎಂದು ಒಂದು ಕ್ಷಣ ಹುಡುಕಿದ್ದೂ ನಿಜ.

"ಅಪ್ಪಾ, ಇದಕ್ಕೆ ತೆರಿಗೆ ಕಟ್ಟಿದ್ಯಾ?" ಎಂದಳು ಮಗಳು.

"ಇದಕ್ಕೆ ತೆರಿಗೆನೂ ಇಲ್ಲ, ವಿಮೆನೂ ಇಲ್ಲ ಮಗಳೇ. ನಿಜ ಹೇಳ್ಬೇಕು ಅಂದ್ರೆ ಇದಕ್ಕೂ ಒಂದು ಪದ್ಧತಿ ಬೇಕು. ನಾನು ಯೋಚನೆ ಮಾಡ್ತಿದ್ದೆ..."

"ಮಗು ಮಲಗಿದೆ," ಎಂದರು ಹೆಂಡತಿ. "ಬಾಯಿ ಮುಚ್ಕೊಂಡು ತಳ್ಳಿ."

"ಮತ್ತೆ ಕಾರಿನ ಬ್ರೇಕು?" ಮಗಳು ಬಿಡಲಿಲ್ಲ.

ಯಜಮಾನರ ನಾಲಿಗೆಯ ತುದಿಗೆ 'ನಾಳೆ' ಬಂದಿತ್ತು. ಅದನ್ನು ಅಲ್ಲೇ ನುಂಗಿದರು. "ಮಗೂನ ಮನೇಲಿ ಇಳಿಸಿದ ತಕ್ಷಣ. ಮೆಕ್ಯಾನಿಕ್‌ಗೆ ಹೇಳಿ ಬಂದಿದ್ದೀನಿ."

ಬಂಕು ದಾಟಿದ ಮೇಲೆ ಇಳಿಜಾರು ಶುರುವಾಯಿತು. ಗಾಡಿ ತನ್ನಷ್ಟಕ್ಕೇ ಮುಂದಕ್ಕೆ ಜಗ್ಗಿತು. ಯಜಮಾನರು ತಳ್ಳುವುದನ್ನು ಬಿಟ್ಟು ಮುಂದೆ ಬಂದು, ಗಾಡಿಗೆ ಬೆನ್ನು ಕೊಟ್ಟು, ಚಪ್ಪಲಿ ಕಳಚಿ ಬರಿಗಾಲನ್ನು ರಸ್ತೆಗೆ ಊರಿದರು. ಹಿಂದಿನ ಭಾರವನ್ನೆಲ್ಲ ಭುಜದ ಮೇಲೆ ತೆಗೆದುಕೊಂಡು ಒಂದೊಂದೇ ಹೆಜ್ಜೆ ಇಳಿದರು. ಸಹಾಯಕ್ಕೆ ಬಂದ ಭಾವಮೈದನನ್ನು ಕಣ್ಣಲ್ಲೇ ದೂರ ನಿಲ್ಲಿಸಿದರು. ಮೊಮ್ಮಗಳು ಮನೆಯ ಬಾಗಿಲವರೆಗೂ ನಿದ್ದೆಯಿಂದ ಏಳಲಿಲ್ಲ. ಈ ಸಲ ಬ್ರೇಕು ಸರಿಯಾಗಿತ್ತು.